ಡೊಂಕು ರೈಲಿನ ಸಪಾಟು ಹಾದಿ

ನಮ್ಮ ಮನೆಗೂ ಪಕ್ಕದ ಮನೆ ಟೀಚರಮ್ಮನ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು. ಅವರ ಕರಿಬೇವು ನಮ್ಮ ಕಡೆ ಬಗ್ಗಿದೆ, ನಮ್ಮ ಸೀಬೆ ಅವರ ಕಡೆ. ಸೊಪ್ಪು ನಮಗೆ, ಹಣ್ಣು ಅವರಿಗೆ. ಇಪ್ಪತ್ತು ವರ್ಷದಿಂದ ಇದೇ ಒಪ್ಪಂದ. ಇದರಲ್ಲಿ ನಷ್ಟ ಯಾರಿಗೆ ಅನ್ನುವುದು ನಮ್ಮವಳಿಗೆ ಚೆನ್ನಾಗಿ ಗೊತ್ತು, ಆಗಾಗ ನನಗೂ ಗೊತ್ತು ಮಾಡಿಸುತ್ತಾಳೆ.

ಟೀಚರಮ್ಮ ಮೇ ತಿಂಗಳಲ್ಲಿ ಮಗಳ ಮನೆಗೆಂದು ಕೆನಡಾಕ್ಕೆ ಹೋದವರು ಅಕ್ಟೋಬರ್ ಕೊನೆಗೆ ವಾಪಸಾದರು. ಬಂದ ಮಾರನೇ ಬೆಳಿಗ್ಗೆ ಕಾಂಪೌಂಡಿನ ಆಚೆ ಬಳೆ ಸದ್ದಾಯಿತು. ನಾನು ಕಾಫಿ ಲೋಟದ ಸಮೇತ ಹೋಗಿ ನಿಂತೆ.

"ಏನ್ ಸಾರ್, ಚೆನ್ನಾಗಿದ್ದೀರಾ? ನಾನು ಅಲ್ಲಿ ಸೈಕಲ್ ಹೊಡ್ದೆ!"

ಅರವತ್ತಮೂರು ವರ್ಷದ ಹೆಂಗಸು ಇಷ್ಟು ದಿನ ಹೊರದೇಶದಲ್ಲಿದ್ದು ಬಂದು ಮೊದಲು ಹೇಳುವ ಮಾತು ಇದೇ? ನಯಾಗರ ಜಲಪಾತ ನೋಡಿದೆ ಅನ್ನಬಹುದಿತ್ತು, ಚಳಿ ಅನ್ನಬಹುದಿತ್ತು, ಬದನೆಕಾಯಿಗೆ ಎಷ್ಟು ಡಾಲರ್ ಅಂತ ಹೇಳಬಹುದಿತ್ತು. ನಾನು ತಕ್ಷಣ ಮಂಡಿಯ ಕಡೆ ನೋಡಿದೆ. ಕಾಂಪೌಂಡು ಅಡ್ಡ ಇತ್ತು.

"ಬಿದ್ದಿಲ್ಲ ಸಾರ್. ಒಂದೇ ಸಲ ಬಿದ್ದಿದ್ದು. ಅದೂ ಸೈಕಲ್ ನಿಂತಿದ್ದಾಗ."

ಮಗಳು ಇರುವ ಊರು ಷಾರ್ಲೆಟ್‌ಟೌನ್. ಅದು ಪ್ರಿನ್ಸ್ ಎಡ್ವರ್ಡ್ ದ್ವೀಪದ ರಾಜಧಾನಿ. ಕೆನಡಾದ ಅತಿ ಚಿಕ್ಕ ಪ್ರಾಂತ್ಯ ಇದೇ ದ್ವೀಪ. ವಿಸ್ತೀರ್ಣ ಸುಮಾರು 5,660 ಚದರ ಕಿಲೋಮೀಟರ್. ಅಂದರೆ ನಮ್ಮ ಮಂಡ್ಯ ಜಿಲ್ಲೆಗಿಂತ ಕೊಂಚ ದೊಡ್ಡದು. ಮಂಡ್ಯದಲ್ಲಿ 2011ರ ಲೆಕ್ಕಕ್ಕೇ ಹದಿನೆಂಟು ಲಕ್ಷ ಜನ. ಅಲ್ಲಿ 2021ರ ಜನಗಣತಿಯ ಹೊತ್ತಿಗೆ ಒಂದೂವರೆ ಲಕ್ಷ ಚಿಲ್ಲರೆ. "ನಮ್ಮ ದಸರಾ ಮೆರವಣಿಗೆ ದಿನ ಅರಮನೆ ಸುತ್ತ ನಿಲ್ಲೋ ಜನಾನ ಅಲ್ಲಿ ಬಿಟ್ರೆ ಇಡೀ ದ್ವೀಪ ತುಂಬಿಹೋಗತ್ತೆ" ಎಂದರು ಟೀಚರಮ್ಮ. ಆ ದ್ವೀಪದ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 142 ಮೀಟರ್. ಅದನ್ನು ಬೆಟ್ಟ ಅಂದರೆ ನಮ್ಮ ಚಾಮುಂಡಿ ತಾಯಿ ನಗುತ್ತಾಳೆ.

"ಸಪಾಟು ದ್ವೀಪ ಅಂದ್ಮೇಲೆ ಸೈಕಲ್ ಹೊಡೆಯೋದೇನು ಮಹಾ ಬಿಡಿ" ಎಂದೆ, ಹೊಟ್ಟೆಕಿಚ್ಚು ಕಾಣದ ಹಾಗೆ.

"ಅಲ್ಲೇ ಸಾರ್ ನೀವು ತಪ್ಪೋದು. ಅಲ್ಲಿ ಸಪಾಟಾಗಿರೋದು ದ್ವೀಪ ಅಲ್ಲ, ಹಾದಿ."

ಆಮೇಲೆ ಸುಮಾರು ಮುಕ್ಕಾಲು ಗಂಟೆ ಅವರು ಮಾತಾಡಿದರು, ನನ್ನ ಕಾಫಿ ಆರಿತು. ನಾಲ್ಕಾರು ದಿನ ಕಂತಿನಲ್ಲಿ ಕೇಳಿದ್ದನ್ನೆಲ್ಲ ಒಟ್ಟು ಮಾಡಿ ಹೇಳುತ್ತೇನೆ. ನಡುನಡುವೆ ನನ್ನ ಒಗ್ಗರಣೆಯೂ ಇರುತ್ತದೆ.

ಆ ದ್ವೀಪದ ಡಾಂಬರು ರಸ್ತೆಗಳು ಸಪಾಟೇನೂ ಅಲ್ಲವಂತೆ. ದೊಡ್ಡ ಏರು ಇಲ್ಲದಿದ್ದರೂ ಸಣ್ಣ ಸಣ್ಣ ದಿಬ್ಬಗಳು ಒಂದರ ಹಿಂದೊಂದು, ಒಗೆದು ಹಾಸಿದ ಜಮಖಾನ ಸುಕ್ಕಾದ ಹಾಗೆ. ಒಂದು ಇಳಿದೆವು ಅನ್ನುವಷ್ಟರಲ್ಲಿ ಇನ್ನೊಂದು. ಆದರೆ ದ್ವೀಪದ ಪಶ್ಚಿಮದ ತುದಿ ಟಿಗ್ನಿಷ್‌ನಿಂದ ಪೂರ್ವದ ಎಲ್ಮೈರಾ ತನಕ ಒಂದು ಹಾದಿ ಇದೆ. ಕಾನ್ಫೆಡರೇಷನ್ ಟ್ರೇಲ್ ಅಂತ ಹೆಸರು. ತುದಿಯಿಂದ ತುದಿಗೆ 273 ಕಿಲೋಮೀಟರ್. ಕವಲುಗಳೆಲ್ಲ ಸೇರಿ 449. ಅದರಲ್ಲಿ ಕಾರಿಲ್ಲ, ಲಾರಿಯಿಲ್ಲ, ಮೋಟಾರ್ ಸೈಕಲ್ ಇಲ್ಲ. ನಡೆಯುವವರು, ಸೈಕಲ್ಲಿನವರು, ಅಷ್ಟೇ. ಚಳಿಗಾಲದಲ್ಲಿ ಹಿಮ ಬಿದ್ದಾಗ ಮಾತ್ರ ಹಿಮದ ಮೇಲೆ ಓಡುವ ಮೋಟಾರು ಬಂಡಿಗಳಿಗೆ ಬಿಟ್ಟುಕೊಡುತ್ತಾರೆ. ಮಿಕ್ಕ ಕಾಲದಲ್ಲಿ ಚೈನು ತಿರುಗುವ ಸದ್ದು, ಹಕ್ಕಿ ಸದ್ದು. ಹಾದಿಯುದ್ದಕ್ಕೂ ಏರು ನೂರು ಮೀಟರಿಗೆ ಎರಡು ಮೀಟರು ಮೀರುವುದಿಲ್ಲ.

ಇಷ್ಟು ಸಪಾಟು ಹೇಗೆ ಬಂತು? ಅದು ರೈಲು ಹಳಿ ಇದ್ದ ಜಾಗ. ಹಳಿ ಕಿತ್ತು ಕಲ್ಲುಪುಡಿ ಹಾಕಿ ಉರುಳೆ ಹೊಡೆದಿದ್ದಾರೆ. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಜಾರುವ ಜಾತಿ, ಏರು ಕಂಡರೆ ಅದಕ್ಕೆ ಆಗದು. ಆದ್ದರಿಂದ ರೈಲು ಹೋದಲ್ಲೆಲ್ಲ ನೆಲ ಮೆತ್ತಗೆ ಏರಬೇಕು, ಮೆತ್ತಗೆ ಇಳಿಯಬೇಕು. ರೈಲಿಗೆ ಆಗದ್ದು ಟೀಚರಮ್ಮನ ಮಂಡಿಗೂ ಆಗದು. ಇಬ್ಬರ ಅಭಿರುಚಿ ಒಂದೇ.

ನನಗೆ ಕಥೆ ರುಚಿಸಿದ್ದು ಇಲ್ಲಿಂದ ಮುಂದೆ.

1871ರಲ್ಲಿ ದ್ವೀಪದವರಿಗೆ ರೈಲು ಬೇಕೆನ್ನಿಸಿತು. ಆಗ ಅದು ಕೆನಡಾಕ್ಕೆ ಸೇರಿರಲಿಲ್ಲ, ಬ್ರಿಟಿಷರ ಕೈಕೆಳಗೆ ತನ್ನಷ್ಟಕ್ಕೆ ಇದ್ದ ಒಂದು ವಸಾಹತು. ಕೆನಡಾ ಎಂಬ ಒಕ್ಕೂಟ ಮಾಡೋಣ ಅಂತ 1864ರಲ್ಲಿ ಮೊದಲ ಮಾತುಕತೆ ನಡೆದದ್ದು ಇದೇ ಷಾರ್ಲೆಟ್‌ಟೌನಿನಲ್ಲಿ. ಮೂರು ವರ್ಷದ ಮೇಲೆ ಒಕ್ಕೂಟ ಆಯಿತು, ಇವರೇ ಸೇರಲಿಲ್ಲ! ನಿಶ್ಚಿತಾರ್ಥಕ್ಕೆ ಮನೆ ಕೊಟ್ಟವರು ಮದುವೆಗೆ ಬರಲಿಲ್ಲ ಅಂದ ಹಾಗಾಯಿತು. ನಮ್ಮ ಪಾಡಿಗೆ ನಾವು ಇರುತ್ತೇವೆ, ನಮಗೇನು ಕಮ್ಮಿ ಅಂತ ಗತ್ತು. ಸರಿ, ರೈಲು ಹಾಕಲು ಗುತ್ತಿಗೆ ಕೊಟ್ಟರು. ಹೇಗೆ ಕೊಟ್ಟರು? ಮೈಲಿಗೆ ಇಷ್ಟು ಅಂತ. ಮೈಲಿಯೊಂದಕ್ಕೆ 5,000 ಪೌಂಡ್ ಮೀರಬಾರದು ಅಂತ ಷರತ್ತು ಹಾಕಿದ ಜಾಣರು ಒಟ್ಟು ಎಷ್ಟು ಮೈಲಿ ಅನ್ನುವುದನ್ನು ಬರೆಯಲು ಮರೆತರು.

ಇದನ್ನು ಕೇಳಿದ ಕೂಡಲೇ ನನಗೆ ಅಡುಗೆಮನೆಯಲ್ಲಿದ್ದ ನಮ್ಮವಳನ್ನು ಕೂಗಿ ಕರೆಯಬೇಕೆನ್ನಿಸಿತು. ಮನೆಗೆ ಸುಣ್ಣ ಬಣ್ಣ ಹೊಡೆಸುವಾಗ ಚದರಕ್ಕೆ ಇಷ್ಟು ಅಂತ ಮಾತಾಡಿ, ಒಳಗಿನ ಕಪಾಟಿನ ಒಳಮೈಯನ್ನೂ ಚದರಕ್ಕೆ ಸೇರಿಸಿಕೊಂಡ ಮೇಸ್ತ್ರಿಗೆ ಹಣ ಕೊಟ್ಟವನು ನಾನು. ಹತ್ತು ವರ್ಷದಿಂದ ಬೈಸಿಕೊಳ್ಳುತ್ತಿದ್ದೇನೆ. ಒಂದು ಸರ್ಕಾರಕ್ಕೆ ಸರ್ಕಾರವೇ ಅದೇ ತಪ್ಪು ಮಾಡಿದೆ ಅಂತ ಅವಳಿಗೆ ತಿಳಿಯಬೇಕಿತ್ತು. ಕುಕ್ಕರ್ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ.

ಮೈಲಿಗೆ ಇಷ್ಟು ಅಂದ ಮೇಲೆ ಗುತ್ತಿಗೆದಾರ ನೆಟ್ಟಗೆ ಯಾಕೆ ಹೋಗುತ್ತಾನೆ? ದಿಬ್ಬ ಬಂದರೆ ಕಡಿಯಲಿಲ್ಲ, ಬಳಸಿದ. ಹಳ್ಳ ಬಂದರೆ ಸೇತುವೆ ಕಟ್ಟುವ ಬದಲು ಕಿರಿದಾದ ಜಾಗ ಹುಡುಕಿಕೊಂಡು ಸುತ್ತಿದ. ಅಗೆತದ ಖರ್ಚೂ ಉಳಿಯಿತು, ಮೈಲಿಯೂ ಬೆಳೆಯಿತು. ಅದರ ಮೇಲೆ ಊರೂರಿನ ಮುಖಂಡರು ನಮ್ಮೂರ ಮುಂದೆ ಹಾಯಿಸಿ, ನಮ್ಮೂರ ಮುಂದೆ ಹಾಯಿಸಿ ಅಂತ ಎಳೆದರು. ಹಾವು ಹರಿದ ಹಾಗೆ ಹಳಿ ಬಿತ್ತು. ದ್ವೀಪದ ಉದ್ದ 224 ಕಿಲೋಮೀಟರ್, ಹಾದಿಯ ಉದ್ದ 273. ದ್ವೀಪ ತಾನೇ ಬಿದಿಗೆ ಚಂದ್ರನ ಹಾಗೆ ಬಾಗಿದೆ, ಹಾಗಾಗಿ ಆ 49ರಲ್ಲಿ ಸ್ವಲ್ಪ ದೇವರ ಲೆಕ್ಕಕ್ಕೆ ಬರೆಯಬೇಕು. ಮಿಕ್ಕದ್ದು ಗುತ್ತಿಗೆದಾರನದು.

ಸಾಲ ಕುತ್ತಿಗೆಗೆ ಬಂತು. ಎರಡೇ ವರ್ಷ. 1873ರ ಜುಲೈ 1ರಂದು ದ್ವೀಪ ಗತ್ತು ಬಿಟ್ಟು ಕೆನಡಾಕ್ಕೆ ಸೇರಿತು. ರೈಲಿನ ಸಾಲ ತೀರಿಸುವ ಹೊಣೆ ಕೆನಡಾ ಹೊತ್ತುಕೊಂಡಿತು. ಡೊಂಕು ಹಳಿಯಿಂದಾಗಿ ಸ್ವಾತಂತ್ರ್ಯ ಹೋದ ಇನ್ನೊಂದು ನಾಡು ಇದೆಯೋ ಏನೋ.

"ಅದೇ ಡೊಂಕು ಸಾರ್ ಈಗ ಚೆಂದ" ಎಂದರು ಟೀಚರಮ್ಮ. "ನೆಟ್ಟಗಿದ್ದಿದ್ರೆ ಮುಂದೆ ಎರಡು ಮೈಲಿ ದೂರ ಏನಿದೆ ಅಂತ ಕಾಣ್ತಿತ್ತು. ಕಂಡ್ರೆ ಬೇಜಾರು. ಇಲ್ಲಿ ಒಂದು ತಿರುವು, ತಿರುಗಿದ್ರೆ ಕೊಲ್ಲಿ; ಇನ್ನೊಂದು ತಿರುವು, ಆಲೂಗೆಡ್ಡೆ ಹೊಲ; ಮತ್ತೊಂದು ತಿರುವು, ಒಂದು ಚರ್ಚು, ಅದರ ಹಿಂದೆ ಸಮುದ್ರ. ಆ ಕಂಟ್ರಾಕ್ಟರ್ ಕಳ್ಳ ಇರಬೋದು, ಆದ್ರೆ ನನ್ನ ಪಾಲಿಗೆ ಪುಣ್ಯಾತ್ಮ."

ಆಲೂಗೆಡ್ಡೆ ಅಂದರಲ್ಲ, ಅಲ್ಲಿ ಅವರ ದನಿ ಬದಲಾಯಿತು. ಟೀಚರಮ್ಮ ಹಾಸನದ ಕಡೆಯವರು. ತವರಿನಲ್ಲಿ ಆಲೂಗೆಡ್ಡೆ ಬೆಳೆದು ಬದುಕಿದವರು, ಅಂಗಮಾರಿ ಬಂದು ಬೆಳೆ ಕಳೆದುಕೊಂಡವರು. ದ್ವೀಪದಲ್ಲೂ ಅದೇ ಕೆಮ್ಮಣ್ಣು. ಮಣ್ಣಿನಲ್ಲಿ ಕಬ್ಬಿಣ ಇದೆ, ಗಾಳಿಗೆ ಸಿಕ್ಕಿ ತುಕ್ಕು ಹಿಡಿದು ಕೆಂಪಾಗುತ್ತದೆ. ಅದರ ಮೇಲೆ ಕಣ್ಣು ಹಾಯುವ ತನಕ ಆಲೂಗೆಡ್ಡೆ ಸಾಲು. ಜುಲೈನಲ್ಲಿ ಹೂ ಬಿಡುತ್ತದೆ, ಬಿಳಿ, ತಿಳಿ ನೇರಳೆ. ಹಾದಿಯ ಪಕ್ಕ ಸೈಕಲ್ ನಿಲ್ಲಿಸಿ ಒಂದು ಎಲೆ ಮಗುಚಿ ನೋಡಿದರಂತೆ, ಚುಕ್ಕೆ ಇದೆಯಾ ಅಂತ. ಅಳಿಯ ನಾಚಿಕೆಯಿಂದ ಅತ್ತ ತಿರುಗಿ ನಿಂತರಂತೆ. 2021ರ ಕೊನೆಗೆ ಈ ದ್ವೀಪದ ಹೊಲಗಳಲ್ಲಿ ಗಂಟುರೋಗ ಸಿಕ್ಕಿ ಅಮೆರಿಕಕ್ಕೆ ಆಲೂಗೆಡ್ಡೆ ಹೋಗುವುದು ತಿಂಗಳುಗಟ್ಟಲೆ ನಿಂತುಹೋಗಿತ್ತು. ಅದನ್ನು ಅಳಿಯ ಹೇಳಿದಾಗ ಇವರಿಗೆ ಅಷ್ಟು ದೂರದ ಊರು ಒಮ್ಮೆಗೇ ಹತ್ತಿರ ಅನ್ನಿಸಿತಂತೆ. ಓಲಿಯರಿ ಅನ್ನುವ ಊರಿನಲ್ಲಿ ಆಲೂಗೆಡ್ಡೆಗೆಂದೇ ಒಂದು ವಸ್ತುಸಂಗ್ರಹಾಲಯ ಇದೆ, ಬಾಗಿಲಲ್ಲಿ ಆಳೆತ್ತರ ಮೀರಿದ ಆಲೂಗೆಡ್ಡೆಯ ವಿಗ್ರಹ. ಹಾಸನದಲ್ಲಿ ಇಲ್ಲವಲ್ಲ ಅಂತ ಇವರಿಗೆ ಸಂಕಟ. ನನಗೂ ಅದು ನ್ಯಾಯವೆನಿಸಿತು.

ಕಾರಿನ ವಿಷಯಕ್ಕೆ ಬರೋಣ. ಸುಮ್ಮನೆ ಕಾರಿಲ್ಲದ ಹಾದಿ ಅಂದರೆ ಈಗ ಎಲ್ಲ ಕಡೆ ಮಾಡುತ್ತಾರೆ, ಫ್ಯಾಷನ್ನು. ಈ ದ್ವೀಪಕ್ಕೆ ಕಾರಿನ ಜೊತೆ ಹಳೇ ಜಗಳವೇ ಇದೆ. 1866ರಲ್ಲಿ ರಸ್ಟಿಕೋ ಎಂಬ ಹಳ್ಳಿಯ ಪಾದ್ರಿ ಜಾರ್ಜ್ ಆಂತ್ವಾನ್ ಬೆಲ್ಕೂರ್ ಉಗಿಯಿಂದ ತಾನಾಗಿ ಓಡುವ ಗಾಡಿಯನ್ನು ತರಿಸಿ ಓಡಿಸಿ ತೋರಿಸಿದರು. ಕೆನಡಾ ಕಂಡ ಮೊದಲ ಕಾರುಗಳ ಪಟ್ಟಿಯಲ್ಲಿ ಅದರ ಹೆಸರು ಮುಂದಿದೆ. ಅಂಥ ದ್ವೀಪ 1908ರಲ್ಲಿ ಕಾನೂನು ಮಾಡಿ ಕಾರನ್ನೇ ನಿಷೇಧಿಸಿತು. ಇಡೀ ದ್ವೀಪದ ರಸ್ತೆಗಳಲ್ಲಿ ಕಾರು ಕೂಡದು! ಆಗ ಅಲ್ಲಿ ಇದ್ದದ್ದೇ ಬೆರಳೆಣಿಕೆಯ ಕಾರು. ಆದರೂ ಕುದುರೆ ಬೆದರುತ್ತವೆ, ಪೇಟೆಗೆ ಹೋಗುವ ರೈತ ಗಾಡಿ ಸಮೇತ ಚರಂಡಿಗೆ ಬೀಳುತ್ತಾನೆ ಅಂತ ಹಳ್ಳಿಯವರ ದೂರು. 1913ರಲ್ಲಿ ವಾರದ ಕೆಲವೇ ದಿನ ಓಡಿಸಬಹುದು ಅಂತ ಸಡಿಲ ಮಾಡಿದರು. ಪೂರ್ತಿ ಬಿಟ್ಟದ್ದು ಇನ್ನೂ ಕೆಲವು ವರ್ಷ ಕಳೆದ ಮೇಲೆ.

ಕುದುರೆಗೆ ಬೆದರಿಕೆಯಾಗುತ್ತದೆ ಅಂತ ಕಾರು ನಿಲ್ಲಿಸಿದವರು! ನಮ್ಮ ಬಡಾವಣೆಯ ತಿರುವಿನಲ್ಲಿ ದಿನಾ ಬೆಳಿಗ್ಗೆ ಹಾಲಿಗೆ ಹೋಗುವಾಗ ನಾನು ಬೆದರುತ್ತೇನೆ. ಕುದುರೆಯಾಗಿ ಹುಟ್ಟಲಿಲ್ಲ, ಅದೇ ತಪ್ಪು.

ಆ 1908 ದ್ವೀಪದ ಮಟ್ಟಿಗೆ ಬಲು ವಿಶೇಷದ ವರ್ಷ. ಅದೇ ವರ್ಷ ಲೂಸಿ ಮಾಡ್ ಮಾಂಟ್‌ಗೊಮೆರಿ ಬರೆದ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿ ಅಚ್ಚಾಯಿತು. ಕೆಂಪು ಕೂದಲಿನ ತಬ್ಬಲಿ ಹುಡುಗಿಯೊಬ್ಬಳು ರೈಲಿಳಿದು ಸ್ಟೇಷನ್ನಿನಲ್ಲಿ ಒಬ್ಬಳೇ ಕಾಯುತ್ತಾಳೆ, ಮುದುಕನೊಬ್ಬ ಕುದುರೆಗಾಡಿಯಲ್ಲಿ ಬಂದು ಕರೆದುಕೊಂಡು ಹೋಗುತ್ತಾನೆ. ಕಥೆಯ ಮೊದಲಲ್ಲೇ ಇದು ಬರುತ್ತದೆ. ಟೀಚರಮ್ಮ ಇಂಗ್ಲಿಷ್ ಮೇಡಂ ಆಗಿದ್ದವರು, ಆ ಪುಸ್ತಕವನ್ನು ಎಷ್ಟು ಮಕ್ಕಳಿಗೆ ಓದಿಸಿದ್ದಾರೋ. ಪುಸ್ತಕದಲ್ಲಿ ಬರುವ ಸ್ಟೇಷನ್ನಿಗೆ ಮೂಲ ಹಂಟರ್ ರಿವರ್ ಅನ್ನುವ ಊರಿನದು ಅನ್ನುತ್ತಾರೆ. ಈಗ ಅಲ್ಲಿ ಹಳಿಯಿಲ್ಲ, ಹಳಿ ಇದ್ದಲ್ಲಿ ಸೈಕಲ್ ಹಾದಿ. ಇವರು ಅಲ್ಲಿ ಇಳಿದು ಹತ್ತು ನಿಮಿಷ ಸುಮ್ಮನೆ ಕೂತರಂತೆ.

"ಯಾರಾದ್ರೂ ಗಾಡಿ ತಂದ್ರಾ?" ಎಂದೆ.

"ಅಳಿಯ ಬಾಳೆಹಣ್ಣು ತಂದ್ರು" ಎಂದರು.

ಆ್ಯನ್‌ಳ ಊರಿಗೆ ಮಾದರಿಯಾದ ಕ್ಯಾವೆಂಡಿಷ್‌ಗೆ ಈ ಹಾದಿ ಹೋಗುವುದಿಲ್ಲ. ಹಂಟರ್ ರಿವರ್‌ನಲ್ಲಿ ಹಾದಿ ಬಿಟ್ಟು ಡಾಂಬರು ರಸ್ತೆ ಹಿಡಿಯಬೇಕು, ಆಗ ಸುಕ್ಕು ಜಮಖಾನದ ಮೇಲೆ ಏರಿಳಿತ, ಜೊತೆಗೆ ಪ್ರವಾಸಿಗಳ ಕಾರು. ಟೀಚರಮ್ಮ ಆ ಪಾಲನ್ನು ಕಾರಿನಲ್ಲೇ ಮುಗಿಸಿದರು. ಬುದ್ಧಿವಂತಿಕೆ.

ಅವರು ಒಟ್ಟು ಹೊಡೆದದ್ದು ನೂರಾ ಮೂವತ್ತು ಕಿಲೋಮೀಟರ್, ನಾಲ್ಕು ತಿಂಗಳಲ್ಲಿ, ಕಂತುಕಂತಾಗಿ. ಅಳಿಯ ಮಾತ್ರ ಗೆಳೆಯರ ಜೊತೆ ಐದು ದಿನದಲ್ಲಿ ಪೂರ್ತಿ ಮಾಡಿದರು. ಹೊರಡುವವರು ಟಿಗ್ನಿಷ್‌ನಿಂದಲೇ ಹೊರಡುತ್ತಾರೆ. ಸೊನ್ನೆ ಕಿಲೋಮೀಟರ್ ಅಲ್ಲೇ, ಗಾಳಿ ಹೆಚ್ಚಾಗಿ ಬೀಸುವುದೂ ಪಶ್ಚಿಮದಿಂದಲೇ, ಬೆನ್ನು ತಳ್ಳುತ್ತದೆ. ಪಶ್ಚಿಮದ ಕಡೆಯ ಹಾದಿ ಬಹುಪಾಲು ಒಳನಾಡಿನಲ್ಲೇ ಹೋಗುತ್ತದೆ. ಎರಡೂ ಕಡೆ ಮರ, ಮುಂದೆ ಹಾದಿ, ಕಿವಿಯ ಹತ್ತಿರ ಸೊಳ್ಳೆ. ಮೈಲಿಗಟ್ಟಲೆ ಅದೇ. "ಸಮುದ್ರ ಎಲ್ಲಿ ಅಂತ ಅಳಿಯನ್ನ ಕೇಳಿದ್ರೆ ಎರಡನೇ ದಿನದ ತನಕ ಸರಿಯಾಗಿ ಕಾಣಲಿಲ್ಲ ಅಂದ್ರು. ದ್ವೀಪದಲ್ಲಿ ಸಮುದ್ರ ಹುಡುಕೋದು!" ಆಮೇಲೆ ಕೆನ್ಸಿಂಗ್ಟನ್‌ನಲ್ಲಿ ಕಲ್ಲಿನ ಹಳೇ ಸ್ಟೇಷನ್ ಕಟ್ಟಡ, ಎಮರಾಲ್ಡ್ ಜಂಕ್ಷನ್, ಹೊಲ, ತೊರೆ. ಎಲ್ಮೈರಾದ ಕೊನೇ ಸ್ಟೇಷನ್ನು ಈಗ ರೈಲಿನ ವಸ್ತುಸಂಗ್ರಹಾಲಯ. ಅಡ್ಡರಸ್ತೆ ಬಂದಲ್ಲೆಲ್ಲ ನೇರಳೆ ಬಣ್ಣದ ಗೇಟು, ಕಾರು ಒಳಗೆ ನುಗ್ಗದ ಹಾಗೆ. ಟೀಚರಮ್ಮ ಬಿದ್ದದ್ದು ಇಂಥ ಒಂದು ಗೇಟಿನ ಮುಂದೆ. ನಿಲ್ಲಿಸಿದರು, ಕಾಲೂರುವುದನ್ನು ಮರೆತರು.

ಇದೆಲ್ಲ ಸಾಲದು, ಹೋದರೆ ಇಲ್ಲಿಗೆ ಹೋಗಬೇಕು ಅಂತ ಅವರು ಕಾಂಪೌಂಡಿನ ಮೇಲೆ ಬೆರಳಲ್ಲಿ ನಕ್ಷೆ ಬರೆದು ತೋರಿಸಿದ್ದು ಮೊರೆಲ್‌ನಿಂದ ಸೇಂಟ್ ಪೀಟರ್ಸ್ ಬೇ ತನಕದ ತುಂಡು. ಹತ್ತು ಹನ್ನೆರಡು ಕಿಲೋಮೀಟರ್. ಹಾದಿ ಕೊಲ್ಲಿಯ ಅಂಚಿಗೇ ಅಂಟಿಕೊಂಡು ಹೋಗುತ್ತದೆ, ಕೆಲವು ಕಡೆ ಹಳೇ ರೈಲು ಸೇತುವೆ ದಾಟುತ್ತದೆ. ನೀರಿನ ಮೇಲೆ ಸಾಲುಸಾಲು ಬುರುಡೆ ತೇಲುತ್ತವೆ. ಏನೋ ಬಲೆ ಅಂದುಕೊಂಡರಂತೆ. ಅದು ಚಿಪ್ಪಿನ ಬೇಸಾಯ. ನಮ್ಮ ಕರಾವಳಿಯವರು ಪಚ್ಚಿಲೆ ಅನ್ನುತ್ತಾರಲ್ಲ, ಆ ಜಾತಿ. ನೀರಿನೊಳಗೆ ಹಗ್ಗದಿಂದ ಕಾಲುಚೀಲದಂಥ ಜಾಲರಿ ಇಳಿಬಿಟ್ಟು ಅದರಲ್ಲಿ ಬೆಳೆಸುತ್ತಾರೆ. ನಮ್ಮ ಟೀಚರಮ್ಮ ಸಸ್ಯಾಹಾರಿ, ಆದ್ದರಿಂದ ರುಚಿಯ ವರದಿ ಇಲ್ಲ. ಜೂನ್ ಕೊನೆಯಲ್ಲಿ ಹಾದಿಯ ಬದಿಯೆಲ್ಲ ಲುಪಿನ್ ಹೂವು, ಕದಿರಿನ ಹಾಗೆ ನಿಂತಿರುತ್ತವೆ, ನೀಲಿ, ಗುಲಾಬಿ. ಒಂದು ಕಡೆ ಹೂವು, ಒಂದು ಕಡೆ ನೀರು, ಹಿಂದಿನಿಂದ ಯಾರೂ ಹಾರನ್ ಹೊಡೆಯುವುದಿಲ್ಲ.

"ಅದೊಂದೇ ಸಾರ್ ನನಗೆ ಅಭ್ಯಾಸ ಆಗೋಕೆ ದಿನ ಹಿಡೀತು. ಒಂದು ವಾರ ಹಿಂದೆ ತಿರುಗಿ ತಿರುಗಿ ನೋಡ್ತಿದ್ದೆ. ಅಮ್ಮ ಯಾರನ್ನ ಹುಡುಕ್ತೀಯ ಅಂತ ಮಗಳು ಕೇಳಿದ್ಳು. ಟಿಪ್ಪರ್ ಬರತ್ತೇನೋ ಅಂತ ಅಂದೆ."

ಈ ದ್ವೀಪಕ್ಕೆ ಹೋಗುವ ಬಗೆಯೂ ಒಂದು ತಮಾಷೆ. 1997ರಲ್ಲಿ ನೆಲನಾಡಿನಿಂದ ದ್ವೀಪಕ್ಕೆ ಸೇತುವೆ ಕಟ್ಟಿದರು, 12.9 ಕಿಲೋಮೀಟರ್, ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರಿನ ಮೇಲೆ ಜಗತ್ತಿನಲ್ಲೇ ಉದ್ದದ್ದು. ಅದರ ಮೇಲೆ ಸೈಕಲ್ ಬಿಡುವುದಿಲ್ಲ! ಸೈಕಲ್ಲಿಗೆ ಸ್ವರ್ಗ ಅನ್ನುವ ದ್ವೀಪಕ್ಕೆ ಸೈಕಲ್ಲನ್ನು ವ್ಯಾನಿನಲ್ಲಿ ಕೂರಿಸಿಕೊಂಡು ದಾಟಬೇಕು. ಸುಂಕವೂ ವಿಚಿತ್ರ, ಒಳಗೆ ಬರುವಾಗ ಕೇಳುವುದಿಲ್ಲ, ಹೊರಗೆ ಹೋಗುವಾಗ ವಸೂಲಿ. ಅಭಿಮನ್ಯುವಿಗೆ ಗೊತ್ತಿಲ್ಲದ್ದು ಇದೇ.

ರೈಲು ಏನಾಯಿತು ಅಂತ ಕೇಳಿದೆ. ಲಾರಿ ಬಂತು, ಬಸ್ಸು ಬಂತು, ರೈಲಿಗೆ ಸರಕು ಕಮ್ಮಿಯಾಯಿತು. 1989ರ ಡಿಸೆಂಬರ್ 31ಕ್ಕೆ ಪೂರ್ತಿ ಮುಚ್ಚಿದರು. ಆದರೆ ಜಾಗವನ್ನು ಚೂರುಚೂರು ಮಾಡಿ ಹಂಚಲಿಲ್ಲ, ಒತ್ತುವರಿಗೆ ಬಿಡಲಿಲ್ಲ. ಪ್ರಾಂತ್ಯದ ಸರ್ಕಾರ ಇಡೀ ಪಟ್ಟಿಯನ್ನು ಇಟ್ಟುಕೊಂಡು ವರ್ಷವರ್ಷಕ್ಕೆ ಒಂದಿಷ್ಟು ಹಾದಿ ಮಾಡುತ್ತ 2000ದಲ್ಲಿ ಮುಗಿಸಿತು. ಇದು ನನಗೆ ಆ ಲುಪಿನ್ ಹೂವಿಗಿಂತ ದೊಡ್ಡ ಅಚ್ಚರಿ. ನಮ್ಮಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಪುಟ್ಟ ಟ್ರಾಮ್ ಓಡುತ್ತಿದ್ದ ಕಾಲವಿತ್ತು. ಅದು ನಿಂತ ಮೇಲೆ ಆ ಪಟ್ಟಿಯನ್ನು ಹೀಗೇ ಕಾಪಾಡಿದ್ದರೆ, ಮಲೆನಾಡಿನ ಮರದ ನೆರಳಿನಲ್ಲಿ, ಏರು ಗೊತ್ತಾಗದ ಹಾಗೆ... ಇರಲಿ. ಮೈಸೂರಿನಲ್ಲೇ 2017ರಲ್ಲಿ 'ಟ್ರಿಣ್ ಟ್ರಿಣ್' ಅಂತ ಬಾಡಿಗೆ ಸೈಕಲ್ ಶುರು ಮಾಡಿದಾಗ ಮೊದಲ ವಾರದಲ್ಲೇ ಹೋಗಿ ಒಂದು ಎತ್ತಿಕೊಂಡವನು ನಾನು. ಸೈಕಲ್ ಚೆನ್ನಾಗಿತ್ತು. ರಸ್ತೆ ನನ್ನೊಬ್ಬನದಾಗಿರಲಿಲ್ಲ.

ಟೀಚರಮ್ಮನ ಕಥೆ ಕೇಳಿದ ಮೂರನೇ ದಿನ ಹಿತ್ತಲ ಶೆಡ್ಡಿನಿಂದ ನನ್ನ ಹಳೇ ಸೈಕಲ್ ಹೊರಗೆ ಎಳೆದೆ. ಕ್ಯಾರಿಯರಿನಲ್ಲಿ ಬೆಕ್ಕು ಮರಿ ಹಾಕಿತ್ತು. ಬೆಲ್ಲು ಮಾತ್ರ ಹೊಡೆಯುತ್ತಿತ್ತು. ಆ ಸದ್ದಿಗೆ ನಮ್ಮವಳು ಬಾಗಿಲಿಗೆ ಬಂದು ಸೈಕಲ್ ನೋಡಿದಳು, ನನ್ನನ್ನು ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮೌನದ ಅರ್ಥ ನನಗೆ ಗೊತ್ತಿದೆ. ವಾಪಸ್ ಇಟ್ಟೆ.

ನಿನ್ನೆ ಸಂಜೆ ಮತ್ತೆ ಕಾಂಪೌಂಡಿನ ಹತ್ತಿರ ಬಳೆ ಸದ್ದು.

"ಸಾರ್, ಬರೋ ಜೂನ್‌ಗೆ ಟಿಕೆಟ್ ಮಾಡಿಸ್ಬಿಟ್ಟೆ. ಈ ಸಲ ಟಿಗ್ನಿಷ್‌ನಿಂದ ಪೂರ್ತಿ. ದಿನಕ್ಕೆ ಮೂವತ್ತು ಕಿಲೋಮೀಟರ್ ಅಂತ ಒಂಬತ್ತು ಹತ್ತು ದಿನ ಇಟ್ಕೊಂಡಿದೀನಿ."

"ಒಳ್ಳೇದಾಯ್ತು ಮೇಡಂ" ಎಂದೆ. "ಸೊಳ್ಳೆಗೆ ಏನಾದ್ರೂ ತಗೊಂಡ್ಹೋಗಿ."

"ನಾನಿಲ್ದಾಗ ಗಿಡಕ್ಕೆ ಸ್ವಲ್ಪ ನೀರು ನೋಡ್ಕೋತೀರಾ ಸಾರ್?"

ಒಪ್ಪಿಕೊಂಡಿದ್ದೇನೆ. ಅವರ ಮನೆಯಲ್ಲಿ ಕರಿಬೇವು ಬಿಟ್ಟು ಹದಿನಾಲ್ಕು ಕುಂಡ ಇವೆ.